ಮುಚ್ಚಳದ ಬೇಟೆ

ನೋರ್ಲಂಡ್ ಊರಿನ ವೆಂಡೆಲ್ ಸ್ಕೋಗ್ಲಂಡ್‌ನ ಮೂಗಿನ ಬಗ್ಗೆ ನಾನು ಹೇಳಿದರೆ ನೀವು ನಂಬುವುದಿಲ್ಲ. ನಂಬದಿದ್ದರೆ ನಷ್ಟ ನಿಮ್ಮದೇ. ಇಡೀ ಮಿನೆಸೋಟಾ ರಾಜ್ಯದಲ್ಲಿ ಯಾವ ಮೂಲೆಯಲ್ಲಿ ಯಾರು ಗ್ಯಾರೇಜಿನ ಬಾಗಿಲೆತ್ತಿ, ಮೇಜು ಹಾಕಿ, ಅಜ್ಜಿಯ ಕಾಲದ ಹಿಟ್ಟಿನ ಜರಡಿಯೊಂದನ್ನು ಮಾರಾಟಕ್ಕಿಟ್ಟರೂ ಸರಿ, ಇಲ್ಲಿ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ ವೆಂಡೆಲ್‌ನ ಮೂಗಿನ ಹೊಳ್ಳೆಗಳು ತಾವಾಗಿಯೇ ಅರಳುತ್ತಿದ್ದವು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಬಸ್ಸು ಹೋದರೂ ಬೆಳಿಗ್ಗೆದ್ದು ಬೀದಿಬೀದಿ ಸುತ್ತುವ ಚಟ ಹೋಗಲಿಲ್ಲ. ಮೊದಲು ಮನೆಮನೆಯ ಮುಂದೆ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದವನು ಈಗ ಕಾಫಿಬೀಜ ಬೀಸುವ ಯಂತ್ರ, ತಗಡಿನ ಬ್ರೆಡ್ ಡಬ್ಬಿ, ಒಂದು ಕಾಲಿಲ್ಲದ ಮೂರು ಕಾಲಿನ ಸ್ಟೂಲು ಇಂಥವನ್ನು ಹತ್ತಿಸಿಕೊಳ್ಳತೊಡಗಿದ. ಮಕ್ಕಳಾದರೆ ಸಂಜೆಗೆ ಇಳಿದು ಹೋಗುತ್ತಿದ್ದರು. ಇವು ಇಳಿಯುತ್ತಿರಲಿಲ್ಲ.

ಹೀಗಾಗಿ ವೆಂಡೆಲ್‌ನ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಜಾಗವಿತ್ತು. ಜನವರಿಯ ಹಿಮದಲ್ಲಿ ಆ ಕಾರು ಹೊರಗೆ ನಿಂತು ಹಲ್ಲು ಕಟಕಟಿಸುವ ಸದ್ದಿಗೆ ಅಕ್ಕಪಕ್ಕದವರಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ನಾನೇ ಕೇಳಿ ತಿಳಿದಿದ್ದೇನೆ.

ವೆಂಡೆಲ್ ತನ್ನನ್ನು ತಾನು 'ಪರಿಣತ' ಎಂದು ಕರೆದುಕೊಳ್ಳುತ್ತಿದ್ದ. ಪರಿಣತನಾದವನು ಕನ್ನಡಕ ಹಾಕಬಾರದು ಎಂಬುದು ಅವನ ಸಿದ್ಧಾಂತ. ಹಾಕಿದರೆ ಮಾರುವವರಿಗೆ ಇವನು ನಿಜವಾಗಿ ನೋಡುತ್ತಿದ್ದಾನೆಂದು ಗೊತ್ತಾಗಿ ಬೆಲೆ ಏರುತ್ತದಂತೆ. ಬೆರಳಿನಿಂದ ಸವರಿ ನೋಡಬೇಕು, ಇಷ್ಟವಾದದ್ದನ್ನು ಹೀಗಳೆಯಬೇಕು. ಇನ್ನೊಂದು ಅಸ್ತ್ರವನ್ನು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ, ನನಗೆ ಮಾತ್ರ ಗೊತ್ತು: ಗ್ಯಾರೇಜಿನಲ್ಲಿ ಮನೆಯೊಡತಿ ಕೂತಿದ್ದರೆ, ಆಕೆಯ ಗಂಡನೂ ತಾನೂ ಒಟ್ಟಿಗೆ ಮೀನು ಹಿಡಿದಿದ್ದೇವೆ ಎಂದುಬಿಡುವುದು. ನಮ್ಮಲ್ಲಿ ಗಾಳ ಹಿಡಿಯದ ಗಂಡಸಿಲ್ಲ, ಕೆರೆಗಳಿಗಂತೂ ಬರವಿಲ್ಲ. ಯಾವ ಹೆಂಡತಿಯೂ ಇಲ್ಲವೆನ್ನುವಂತಿಲ್ಲ. ಮರುಕ್ಷಣವೇ ಬೆಲೆ ಇಳಿಯುತ್ತಿತ್ತು.

ಈಚೆಗೆ ಈ ಬೇಟೆಯ ಹಿಂದೆ ಒಂದೇ ಒಂದು ಗುರಿಯಿತ್ತು. ಅದು ಒಂದು ಮುಚ್ಚಳ.

ವೆಂಡೆಲ್‌ನ ಹೆಂಡತಿ ಲವೋನ್‌ಳ ಬಳಿ ಅವಳ ಅಮ್ಮ ಬಿಟ್ಟುಹೋದ ಒಂದು ಗಾಜಿನ ಪಾತ್ರೆಯಿತ್ತು. ತಿಳಿ ಹಸಿರು ಬಣ್ಣ, ಸುತ್ತಲೂ ಬಿಳಿ ಡೈಸಿ ಹೂವಿನ ಸಾಲು, ಮೇಲೆ ಅದೇ ಹೂವಿನ ಮುಚ್ಚಳ. ಆ ಪಾತ್ರೆಯಲ್ಲಿ ಅವಳು ಹಾಟ್‌ಡಿಶ್ ಮಾಡಿ ಓವನ್ನಿಗಿಟ್ಟರೆ, ಕೆಳಗಿನ ಕೊಚ್ಚಿದ ಮಾಂಸವೂ ಅಣಬೆ ಸೂಪೂ ಮೇಲಿನ ಆಲೂಗಡ್ಡೆಯ ಉಂಡೆಗಳೂ ಸೇರಿ ಏಳುವ ಘಮಕ್ಕೆ ಹೆದ್ದಾರಿಯ ಲಾರಿಗಳು ದಾರಿ ತಪ್ಪುತ್ತಿದ್ದವು. ಒಂದು ದಿನ ವೆಂಡೆಲ್ ಗ್ಯಾರೇಜ್ ಸೇಲಿನಿಂದ ಸಾಸೇಜ್ ತುಂಬುವ ಒಂದು ಬೀಡುಕಬ್ಬಿಣದ ಯಂತ್ರವನ್ನು ತಂದ. ಹೆಮ್ಮೆಯಿಂದ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಧೊಪ್ಪೆಂದು ಇಟ್ಟ. ಇಟ್ಟ ಜಾಗದಲ್ಲಿ ಮುಚ್ಚಳ ಇತ್ತು. ಆಮೇಲೆ ಇರಲಿಲ್ಲ.

ಲವೋನ್ ಬೈಯಲಿಲ್ಲ. "ಪರವಾಗಿಲ್ಲ ಬಿಡು" ಎಂದಳು.

ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಈ ಮಾತು ಬಂದರೆ ಗಟ್ಟಿ ಎದೆಯ ಗಂಡಸರೂ ಊರು ಬಿಟ್ಟು ಓಡುತ್ತಾರೆ. ಅಂದಿನಿಂದ ಅವಳು ಅಮ್ಮನ ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಮುಚ್ಚುತ್ತಿದ್ದಳು. ಹಾಳೆ ಹರಿಯುವ ಆ 'ಚರ್ರ್' ಸದ್ದು ಕೇಳಿದಾಗಲೆಲ್ಲ ವೆಂಡೆಲ್‌ನ ಬೆನ್ನುಮೂಳೆಯಲ್ಲಿ ಹಿಮ ಬೀಳುತ್ತಿತ್ತು.

ಜೂನ್ ತಿಂಗಳ ಒಂದು ಶನಿವಾರ ಅವನು ಹಸಿರು ಟೊಪ್ಪಿಗೆ ಹಾಕಿಕೊಂಡು, ಕನ್ನಡಕ ಮನೆಯಲ್ಲಿ ಬಿಟ್ಟು, ಪಕ್ಕದ ಟೋರ್ವಿಕ್ ಊರಿನತ್ತ ಕಾರು ತಿರುಗಿಸಿದ. ಅಲ್ಲಿನ ತಿರುವಿನ ಕಂಬಕ್ಕೆ 'ಗ್ಯಾರೇಜ್ ಸೇಲ್' ಎಂಬ ರಟ್ಟು, ಪಕ್ಕದಲ್ಲೊಂದು ಬಾಣ. ಅದು ಹಿಂದಿನ ವಾರ ಯಾರೋ ಕಟ್ಟಿ ಬಿಚ್ಚಲು ಮರೆತದ್ದು. ಬಾಣ ತೋರಿಸಿದ ಬೀದಿಯಲ್ಲಿ ಒಂದೇ ಒಂದು ಗ್ಯಾರೇಜು ಬಾಗಿಲೆತ್ತಿಕೊಂಡು ನಿಂತಿತ್ತು. ಒಳಗೆ ಉದ್ದುದ್ದ ಮೇಜು, ಮೇಜಿಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಪಾತ್ರೆಗಳು! ಗಾಜಿನವು, ಪಿಂಗಾಣಿಯವು, ಎನಾಮಲ್ಲಿನವು. ಮುಚ್ಚಳ ಇದ್ದವು, ಇಲ್ಲದವು. ವೆಂಡೆಲ್ ಕಾರನ್ನು ಅರ್ಧ ಹುಲ್ಲಿನ ಮೇಲೂ ಅರ್ಧ ರಸ್ತೆಯ ಮೇಲೂ ಬಿಟ್ಟು ಇಳಿದ.

ಈಗ ವೆಂಡೆಲ್‌ಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಅದು ಸೇಲ್ ಅಲ್ಲ. ಆ ಮನೆಯ ಯಜಮಾನ ಓರ್ಲಿನ್ ಕ್ವಾಮ್ ತೀರಿಕೊಂಡು ಇನ್ನೂ ವಾರ ತುಂಬಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಕಷ್ಟ ಬೇಡವೆಂದು ಊರಿನ ಹೆಂಗಸರೆಲ್ಲ ತಂತಮ್ಮ ಪಾತ್ರೆಯಲ್ಲಿ ಅಡುಗೆ ತಂದು ಸುರಿದಿದ್ದರು. ಓರ್ಲಿನ್‌ನ ಹೆಂಡತಿ ಆರ್ಡಿಸ್ ಅವನ್ನೆಲ್ಲ ತೊಳೆದು, ಒರೆಸಿ, ಅವರವರು ಬಂದು ಒಯ್ಯಲೆಂದು ಗ್ಯಾರೇಜಿನಲ್ಲಿ ಜೋಡಿಸಿಟ್ಟಿದ್ದಳು. ಪಾತ್ರೆ ಮನೆ ತಪ್ಪಬಾರದೆಂದು ಪ್ರತಿಯೊಬ್ಬಳೂ ತನ್ನದರ ತಳಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆದಿರುತ್ತಾಳೆ. ಗ್ಯಾರೇಜ್ ಸೇಲಿನಲ್ಲೂ ವಸ್ತುವಿನ ತಳಕ್ಕೆ ಅದೇ ಬಿಳಿ ಟೇಪು, ಅದರ ಮೇಲೆ ಬೆಲೆ. ಎರಡೂ ಒಂದೇ ಅಂಗಡಿಯ ಒಂದೇ ಸುರುಳಿಯದು. ಇಷ್ಟು ವರ್ಷವಾದರೂ ನಮ್ಮ ನಾಡಿನಲ್ಲಿ ಈ ಟೇಪಿನ ದೆಸೆಯಿಂದ ಒಂದು ಯುದ್ಧವೂ ಆಗಿಲ್ಲವೆಂಬುದೇ ಸೋಜಿಗ.

ಮೇಜಿನ ನಟ್ಟನಡುವೆ ಅದು ಕೂತಿತ್ತು. ತಿಳಿ ಹಸಿರು. ಬಿಳಿ ಡೈಸಿ. ಮುಚ್ಚಳ ಸಮೇತ.

ವೆಂಡೆಲ್‌ನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಮೇಜಿನ ಮೇಲಿನ ಚಮಚಗಳು ಗಲಗಲ ಅಂದವು. ಆದರೆ ಪರಿಣತ ಪರಿಣತನೇ. ಮುಖದಲ್ಲಿ ತಿರಸ್ಕಾರ ತಂದುಕೊಂಡು, ಪಾತ್ರೆಯನ್ನು ಮಗುಚಿ, ತೋಳುದ್ದ ದೂರ ಹಿಡಿದು ತಳದ ಟೇಪು ಓದಿದ. ನೂರು ಸಲ ತೊಳೆದು ಮಾಸಿದ ಅಕ್ಷರ. 'ಟ್ವೆಂಟಿ' ಎಂದು ಓದಿಕೊಂಡ. ಅಲ್ಲಿ ಬರೆದದ್ದು 'ಟ್ವೆಟನ್'. ಅಂದರೆ ಮಾವಿಸ್ ಟ್ವೆಟನ್, ಟೋರ್ವಿಕ್ ಚರ್ಚಿನ ಅಡುಗೆಮನೆಯ ಸರ್ವಾಧಿಕಾರಿಣಿ. ಪಕ್ಕದಲ್ಲಿದ್ದ ಕಂದು ಬಣ್ಣದ ಬೀನ್ಸ್ ಮಡಕೆಯನ್ನೂ ಎತ್ತಿ ನೋಡಿದ. 'ಸೆವೆನ್' ಎಂದಿತ್ತು. ನಿಜವಾಗಿ ಇದ್ದದ್ದು 'ಸ್ವೆನ್'. ಊರಿನ ಏಕೈಕ ಮುದಿ ಬ್ರಹ್ಮಚಾರಿ, ಬೀನ್ಸ್ ಬಿಟ್ಟು ಬೇರೇನೂ ಬೇಯಿಸಲಾರದವನು.

ಮಡಚುವ ಕುರ್ಚಿಯಲ್ಲಿ ಕೂತಿದ್ದ ಆರ್ಡಿಸ್ ತಲೆಯೆತ್ತಿದಳು. ಬಿಳಿ ಕೂದಲಿನ ಪುಟ್ಟ ಹೆಂಗಸು, ಮೈಮೇಲೆ ಗಂಡಸಿನ ದೊಡ್ಡ ಉಣ್ಣೆಯ ಅಂಗಿ. "ಬನ್ನಿ ಬನ್ನಿ. ಕಾಫಿ ಕುಡೀತೀರಾ?"

"ಬೇಡಮ್ಮ, ತೊಂದರೆ ತಗೋಬೇಡಿ."

"ತೊಂದರೆ ಏನಿಲ್ಲ, ಇಷ್ಟೇ ಇಷ್ಟು."

"ಅಯ್ಯೋ ಬೇಡಿ."

"ಮಾಡಿಟ್ಟಿದೀನಿ, ಚೆಲ್ಲಬೇಕಾಗುತ್ತೆ."

"ಹಾಗಾದ್ರೆ ಅರ್ಧ ಲೋಟ." ನಮ್ಮಲ್ಲಿ ಏನೇ ಕೊಟ್ಟರೂ ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲಕ್ಕೆ ಒಪ್ಪಬೇಕು. ಮೊದಲ ಸಲಕ್ಕೇ ಒಪ್ಪಿದವನನ್ನು ಪಕ್ಕದ ವಿಸ್ಕಾನ್ಸಿನ್ ರಾಜ್ಯದವನೆಂದು ತಿಳಿಯುತ್ತಾರೆ.

ಕಾಫಿ ಹೀರುತ್ತ ವೆಂಡೆಲ್ ತನ್ನ ಅಸ್ತ್ರಕ್ಕೆ ಸಾಣೆ ಹಿಡಿದ. "ಯಜಮಾನ್ರು ಕಾಣಿಸ್ತಿಲ್ಲ?"

ಆರ್ಡಿಸ್ ಮಡಿಲಿನ ಬಟ್ಟೆಯನ್ನು ಮಡಚಿದಳು. "ಓರ್ಲಿನ್ ಹೋದ್ರು. ಮಂಗಳವಾರ."

"ಓ! ಹೋದ್ರಾ? ಒಳ್ಳೇ ಕಾಲದಲ್ಲೇ ಹೋದ್ರು ಬಿಡಿ. ಜೂನ್ ತಿಂಗಳು, ಹವೆ ಚೆನ್ನಾಗಿದೆ. ನಾನೂ ಹೋಗ್ಬೇಕು ಅಂತಿದೀನಿ. ಹೆಂಡ್ತಿ ಬಿಡ್ತಿಲ್ಲ."

ಆರ್ಡಿಸ್ ಗಾಬರಿಯಿಂದ ಅವನ ಮುಖ ನೋಡಿದಳು. "ಹಾಗೆಲ್ಲ ಅನ್ಬಾರ್ದು ಕಣ್ರೀ. ನಿಮಗೇನು ಅಂಥ ವಯಸ್ಸಾಗಿದೆ?"

"ಒಬ್ರೇ ಹೋದ್ರಾ?"

"ಒಬ್ರೇ. ನಾನು ಅಡುಗೆಮನೇಲಿದ್ದೆ. ಒಂದು ಮಾತೂ ಹೇಳ್ಲಿಲ್ಲ."

"ಗಂಡಸ್ರೇ ಹಾಗೆ. ಹೇಳಿದ್ರೆ ಎಲ್ಲಿ ನಿಲ್ಲಿಸ್ತಾರೋ ಅಂತ ಭಯ. ಯೋಚನೆ ಮಾಡ್ಬೇಡಿ, ಅಲ್ಲಿ ಆರಾಮಾಗಿರ್ತಾರೆ."

"ಪಾದ್ರಿಗಳೂ ಹಾಗೇ ಅಂದ್ರು," ಎಂದು ಆರ್ಡಿಸ್ ಕಣ್ಣೊರೆಸಿಕೊಂಡಳು. "ಇನ್ನೇನು, ನಾನೂ ಒಂದಿನ ಅಲ್ಲಿಗೇ ಹೋಗಿ ಸೇರ್ಕೋಬೇಕು."

"ಈಗಲೇ ಬೇಡಿ," ಎಂದ ವೆಂಡೆಲ್, ಅನುಭವಸ್ಥನ ಗತ್ತಿನಲ್ಲಿ. "ಈ ತಿಂಗಳು ಅಲ್ಲಿ ಸೊಳ್ಳೆ ಜಾಸ್ತಿ."

ಆರ್ಡಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೆಲ್ಲಗೆ, "ನಿಮಗೆ ನಮ್ಮ ಓರ್ಲಿನ್ ಗೊತ್ತಿತ್ತಾ?" ಎಂದು ಕೇಳಿದಳು.

ವೆಂಡೆಲ್ ಕಾದಿದ್ದದ್ದೇ ಇದಕ್ಕೆ. "ಓರ್ಲಿನ್ ಗೊತ್ತಿಲ್ದೆ ಏನಮ್ಮ! ಒಂದೇ ದೋಣೀಲಿ ಕೂತು ಮೀನು ಹಿಡಿದೋರು ನಾವು."

ಆಕೆಯ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಮೀನಾ? ಓರ್ಲಿನ್ ಜೊತೆನಾ? ಹಾಗಾದ್ರೆ... ನೀವು ಆ ಮೀನು ನೋಡಿದೀರಾ?"

"ಯಾವ ಮೀನು?" ಎಂದು ಕೇಳುವವನು ವೆಂಡೆಲ್ ಅಲ್ಲ. "ಆ ಮೀನಾ? ನೋಡದೆ ಏನು?"

"ಅಯ್ಯೋ ದೇವ್ರೇ. ಒಂದು ಭಾರೀ ಮೀನು ಹಿಡಿದೆ, ಪಾಪ ಅನ್ನಿಸಿ ಬಿಟ್ಟುಬಿಟ್ಟೆ ಅಂತ ಮದುವೆಯಾದಾಗಿಂದ ಹೇಳ್ತಿದ್ರು. ಊರಿಗೂರೇ ನಗ್ತಿತ್ತು. ನಾನೂ ನಗ್ತಿದ್ದೆ. ನೀವು ನೋಡಿದೀರಾ? ಹೇಳಿ. ಕೂತ್ಕೊಂಡು ಹೇಳಿ."

ವೆಂಡೆಲ್ ಕೂತ. ಮುಂದಿನದ್ದನ್ನು ನಾನು ವರ್ಣಿಸಲಾರೆ, ಅಷ್ಟು ಸುಳ್ಳು ನನಗೂ ಬರುವುದಿಲ್ಲ. ಮಂಜು ಮುಸುಕಿದ ಬೆಳಗು, ಗಾಳ ಬಗ್ಗಿ ಬಿಲ್ಲಾದದ್ದು, ಪೈಕ್ ಮೀನು ದೋಣಿಯನ್ನು ಕೆರೆಯ ಸುತ್ತ ಎಳೆದದ್ದು, ಅದರ ಬಾಯಿ ಅಂಚೆಪೆಟ್ಟಿಗೆಯಷ್ಟಿದ್ದದ್ದು, ಓರ್ಲಿನ್ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿ "ಹೋಗು ಮಾರಾಯ, ನಿನ್ನ ಮನೇಲೂ ಕಾಯ್ತಿರ್ತಾರೆ" ಎಂದು ನೀರಿಗೆ ಬಿಟ್ಟದ್ದು. ಆರ್ಡಿಸ್ ಒಮ್ಮೆ ನಗುತ್ತಿದ್ದಳು, ಒಮ್ಮೆ ಮೂಗೊರೆಸಿಕೊಳ್ಳುತ್ತಿದ್ದಳು, ಒಮ್ಮೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ಅಷ್ಟು ಒಳ್ಳೆಯ ಗಿರಾಕಿ ವೆಂಡೆಲ್‌ನ ಸುಳ್ಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಕಥೆ ಮುಗಿಸಿ ಎದ್ದವನು ವ್ಯವಹಾರಕ್ಕಿಳಿದ. "ಈ ಹಸಿರು ಪಾತ್ರೆ, ಅಷ್ಟೇನು ಚೆನ್ನಾಗಿಲ್ಲ. ಆದ್ರೂ ಒಯ್ಯೋಣ ಅಂತ. ಈ ಮಡಕೇನೂ."

"ಒಯ್ತೀರಾ? ನಿಮಗೆ ಪುಣ್ಯ ಬರುತ್ತೆ!" ಎಂದಳು ಆರ್ಡಿಸ್. ಅವರವರ ಮನೆಗೆ ತಲುಪಿಸುವ ಪುಣ್ಯಾತ್ಮನೆಂದು ಆಕೆ ತಿಳಿದಿದ್ದಳು. "ನನಗೂ ಮನೆ ಖಾಲಿಯಾದ್ರೆ ಸಾಕಾಗಿದೆ."

"ಹದಿನೈದು ಕೊಡ್ಲಾ?"

"ಛೇ, ಏನೂ ಬೇಡಿ."

ವೆಂಡೆಲ್ ತಬ್ಬಿಬ್ಬಾದ. ಇಷ್ಟು ಗಟ್ಟಿ ವ್ಯಾಪಾರಿಯನ್ನು ಅವನು ಕಂಡಿರಲಿಲ್ಲ. "ಇಪ್ಪತ್ತು?"

"ಬೇಡ ಅಂದ್ನಲ್ಲ."

"ಆಯ್ತಮ್ಮ, ಎರಡಕ್ಕೂ ಸೇರಿ ಇಪ್ಪತ್ತೇಳು. ಇದಕ್ಕಿಂತ ಮೇಲೆ ಬರೋಕಾಗಲ್ಲ!"

ಮೂರನೆಯ ಸಲ. ಆರ್ಡಿಸ್ ನೋಟುಗಳನ್ನು ತೆಗೆದುಕೊಂಡು ಎದೆಗೊತ್ತಿಕೊಂಡಳು. "ಓರ್ಲಿನ್ ಹೆಸರಲ್ಲಿ ಚರ್ಚಿಗೆ ಕೊಡ್ತೀನಿ." ಕೊಳ್ಳುವವನು ಏರಿಸುತ್ತ, ಮಾರುವವಳು ಬೇಡವೆನ್ನುತ್ತ ಮುಗಿದ ಚೌಕಾಶಿ ಗ್ಯಾರೇಜ್ ಸೇಲಿನ ಇತಿಹಾಸದಲ್ಲಿ ಇದೊಂದೇ.

ಮನೆಗೆ ಬಂದ ವೆಂಡೆಲ್ ಅಡುಗೆಮನೆಯ ಬಾಗಿಲಲ್ಲಿ ದಂಡಯಾತ್ರೆ ಗೆದ್ದ ರಾಜನಂತೆ ನಿಂತ. ಲವೋನ್ ತಿರುಗಿ ನೋಡಿದಳು. ಕೈ ಒರೆಸಿಕೊಂಡು ಬಂದು ಆ ಮುಚ್ಚಳವನ್ನು ಎತ್ತಿ, ಕಪಾಟಿನಿಂದ ಅಮ್ಮನ ಪಾತ್ರೆ ತೆಗೆದು, ಅದರ ಮೇಲಿಟ್ಟಳು. 'ಟಕ್' ಎಂದು ಕೂತಿತು. ಆ ಸದ್ದು ಅವಳ ಅಮ್ಮ ಭಾನುವಾರ ಚರ್ಚಿಗೆ ಹೊರಡುವ ಮುನ್ನ ಕೇಳಿಸುತ್ತಿದ್ದ ಸದ್ದು. ಲವೋನ್ ಅದನ್ನು ತೆಗೆದು ಇನ್ನೊಮ್ಮೆ ಇಟ್ಟಳು. 'ಟಕ್'.

"ಎಲ್ಲಿ ಸಿಕ್ತು ವೆಂಡೆಲ್?"

"ಟೋರ್ವಿಕ್. ಇಪ್ಪತ್ತಕ್ಕೆ! ಆಯಮ್ಮ ಬೇಡ ಬೇಡ ಅಂತಾನೇ ಇದ್ಲು. ಮನೆ ತುಂಬ ಪಾತ್ರೆ. ಸಾಲಾಗಿ ಇಟ್ಟಿದ್ಲು, ಎಲ್ಲ ತೊಳೆದು."

ಲವೋನ್‌ಳ ಕೈ ನಿಂತಿತು. "ಎಲ್ಲ ತೊಳೆದು?"

"ಹೂಂ. ಪಳಪಳ."

ಅವಳು ಕನ್ನಡಕ ಹಾಕಿಕೊಂಡು ಪಾತ್ರೆಯನ್ನು ಮಗುಚಿ ಓದಿದಳು. ಮಡಕೆಯನ್ನೂ ಮಗುಚಿದಳು. ಆಮೇಲೆ ಕುರ್ಚಿಯಲ್ಲಿ ಕೂತಳು. "ಇದು ಇಪ್ಪತ್ತಲ್ಲ. ಟ್ವೆಟನ್. ಇದು ಏಳಲ್ಲ. ಸ್ವೆನ್. ನೀನು ಸಾವಿನ ಮನೆಗೆ ನುಗ್ಗಿ ಹಾಟ್‌ಡಿಶ್ ಪಾತ್ರೆ ಹೊತ್ಕೊಂಡು ಬಂದಿದೀಯ."

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಚರ್ಚಿನ ಗೆಳತಿಯೊಬ್ಬಳು ಅತ್ತ ಕಡೆಯಿಂದ ಎಷ್ಟು ಗಟ್ಟಿಯಾಗಿ ಕಿರುಚುತ್ತಿದ್ದಳೆಂದರೆ ವೆಂಡೆಲ್‌ಗೂ ಪ್ರತಿಯೊಂದು ಮಾತು ಕೇಳಿಸಿತು. "ಲವೋನ್, ಬಾಗಿಲು ಹಾಕ್ಕೋ! ಟೋರ್ವಿಕ್‌ನಲ್ಲಿ ಸಾವಿನ ಮನೆ ಕಳ್ಳರು ಬಂದಿದಾರಂತೆ. ಮಾವಿಸ್ ತನ್ನ ಪಾತ್ರೆ ತರೋಕೆ ಹೋದ್ರೆ ಇಲ್ವಂತೆ! ಮೂರು ಜನ, ಲಾರಿ ತಂದಿದ್ರಂತೆ. ಮುಖಂಡನಿಗೆ ಹಸಿರು ಟೊಪ್ಪಿಗೆ. ಪೊಲೀಸ್ರು ಹುಡುಕ್ತಿದಾರೆ!"

ಲವೋನ್ ಗಂಡನ ತಲೆಯ ಮೇಲಿನ ಹಸಿರು ಟೊಪ್ಪಿಗೆಯನ್ನು ನೋಡಿದಳು. "ಹೌದಾ? ಹುಷಾರಾಗಿರ್ತೀವಿ ಕಣೇ," ಎಂದು ಫೋನಿಟ್ಟಳು.

ವೆಂಡೆಲ್ ಟೊಪ್ಪಿಗೆಯನ್ನು ತೆಗೆದು ಅದರ ಮೇಲೆ ಕೂತ. "ಲವೋನ್, ಅದಷ್ಟೇ ಅಲ್ಲ." ಮತ್ತೆ ಮೀನಿನ ಕಥೆಯನ್ನೂ ಹೇಳಿದ. ಹೇಳುತ್ತ ಹೇಳುತ್ತ, ಓರ್ಲಿನ್ ಮಂಗಳವಾರ ಹೋದದ್ದು ಕೆರೆಗೆ ಮೀನು ಹಿಡಿಯಲಲ್ಲ ಎಂಬುದು ಅವನಿಗೂ ಹೊಳೆಯಿತು. ಸೊಳ್ಳೆಯ ಮಾತು ನೆನಪಾಗಿ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. "ಆಯಮ್ಮ ಎಷ್ಟು ಖುಷಿಪಟ್ಲು ಗೊತ್ತಾ? ಗಂಡ ಸುಳ್ಳುಗಾರ ಅಲ್ಲ ಅಂತ. ಈಗ ಹೋಗಿ ಸುಳ್ಳುಗಾರ ನಾನು ಅಂತ ಹೇಗೆ ಹೇಳ್ಲಿ?"

ಲವೋನ್ ಅಮ್ಮನ ಪಾತ್ರೆಯ ಮೇಲಿದ್ದ ಮುಚ್ಚಳವನ್ನು ತಾನೇ ತೆಗೆದು, ಮಾವಿಸ್‌ಳ ಪಾತ್ರೆಯ ಪಕ್ಕಕ್ಕಿಟ್ಟಳು. ಒಂದು ಗಳಿಗೆ ಕೈ ಅದರ ಮೇಲೇ ಇತ್ತು. ನಂತರ ಎದ್ದು ಓವನ್ ಹಚ್ಚಿದಳು.

"ಈಗ ಅಡುಗೆ ಯಾಕೆ? ಪೊಲೀಸ್ರು ಹುಡುಕ್ತಿದಾರೆ!"

"ಇನ್ನೊಬ್ಬರ ಪಾತ್ರೆ ಖಾಲಿ ವಾಪಸ್ ಕೊಡೋ ಹಾಗಿಲ್ಲ," ಎಂದಳು ಲವೋನ್. "ಕದ್ದಿದ್ದಾದ್ರೂ ಸರಿ. ಈರುಳ್ಳಿ ಹೆಚ್ಚು."

ಮಧ್ಯಾಹ್ನ ಅವರು ಬಿಸಿ ಪಾತ್ರೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಟೋರ್ವಿಕ್ ತಲುಪಿದಾಗ ಆರ್ಡಿಸ್‌ಳ ಗ್ಯಾರೇಜಿನ ಮುಂದೆ ಪೊಲೀಸ್ ಕಾರು ನಿಂತಿತ್ತು. ಒಳಗೆ ಮಾವಿಸ್ ಟ್ವೆಟನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ತಂಗಿಯ ಮಗ, ಪೊಲೀಸ್ ಡೆಪ್ಯುಟಿ ಕರ್ಟ್, ಪಕ್ಕದಲ್ಲಿ ಬೆವರುತ್ತಿದ್ದ. ಸ್ವೆನ್ ಮಾತ್ರ ಬಂದಿರಲಿಲ್ಲ. ತನ್ನ ಮಡಕೆಯನ್ನು ಯಾರಾದರೂ ಕದಿಯಬಹುದೆಂಬುದನ್ನೇ ಅವನು ನಂಬಿರಲಿಲ್ಲವಂತೆ.

"ಅವನೇ!" ಎಂದು ಮಾವಿಸ್ ಬೆರಳು ಚಾಚಿದಳು. "ಕರ್ಟ್, ಹಿಡಿಯೋ! ಕೈಯಲ್ಲಿ ನನ್ನ ಪಾತ್ರೆ ನೋಡು!"

"ದೊಡ್ಡಮ್ಮ, ಸ್ವಲ್ಪ ಸುಮ್ನಿರು. ಕದ್ದೋನು ಬಿಸಿ ಹಾಟ್‌ಡಿಶ್ ತುಂಬ್ಕೊಂಡು ಬರ್ತಾನಾ?"

"ಅದು ಅವನ ಉಪಾಯ ಕಣೋ!"

"ಕಳ್ಳ ಅಲ್ಲ ಮಾವಿಸ್," ಎಂದಳು ಕುರ್ಚಿಯಲ್ಲಿದ್ದ ಆರ್ಡಿಸ್, ಶಾಂತವಾಗಿ. "ನಮ್ಮ ಓರ್ಲಿನ್ ಗೆಳೆಯ. ಒಟ್ಟಿಗೆ ಮೀನು ಹಿಡಿದೋರು. ಆ ಮೀನು ನೋಡಿದೋರು."

ಮಾವಿಸ್ ಮೂಗು ಮುರಿದಳು. "ಆ ಮೀನಾ? ಓರ್ಲಿನ್ ಗಾಳಕ್ಕೆ ಹಳೇ ಬೂಟೂ ಸಿಕ್ಕಿರ್ಲಿಲ್ಲ! ಕೇಳೋ ಕರ್ಟ್, ಯಾವ ಕೆರೆ ಅಂತ ಕೇಳು."

ಕರ್ಟ್ ಕೆಮ್ಮಿ, ಟೊಪ್ಪಿಗೆ ಸರಿಮಾಡಿಕೊಂಡು ಕಾನೂನಿನ ದನಿಯಲ್ಲಿ ಕೇಳಿದ. "ಯಾವ ಕೆರೆ ಸಾರ್?"

ಸಾವಿರಾರು ಕೆರೆಗಳಿರುವ ನಾಡಿನಲ್ಲಿ ವೆಂಡೆಲ್‌ನ ಬಾಯಿಗೆ ಒಂದರ ಹೆಸರೂ ಬರಲಿಲ್ಲ. ಕೈಯಲ್ಲಿದ್ದ ಪಾತ್ರೆ ಸುಡುತ್ತಿತ್ತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ, ಆರ್ಡಿಸ್‌ಳ ಮುಖ ಕಂಡಿತು, ಮುಚ್ಚಿದ. ಮತ್ತೆ ತೆರೆದ. ಅವನು ಈಗ ಗಾಳಕ್ಕೆ ಸಿಕ್ಕ ಮೀನಿನಂತೆಯೇ ಕಾಣುತ್ತಿದ್ದನೆಂದು ಕರ್ಟ್ ಆಮೇಲೆ ಊರೆಲ್ಲ ಹೇಳಿದ್ದಾನೆ.

ಲವೋನ್ ಮುಂದೆ ಬಂದಳು. ಜನ್ಮದಲ್ಲಿ ಒಂದು ಸುಳ್ಳು ಹೇಳಿದವಳಲ್ಲ. ಇಸ್ಪೀಟಿನಲ್ಲಿ ತನ್ನ ಎಲೆ ಏನೆಂದು ಕೇಳಿದರೂ ತೋರಿಸಿಬಿಡುವ ಹೆಂಗಸು.

"ಕೆರೆ ಹೆಸರು ಇವರಿಗೆ ಯಾವತ್ತು ನೆನಪಿತ್ತು?" ಎಂದಳು. "ಆದ್ರೆ ಅವತ್ತು ಮನೆಗೆ ಬಂದು ಹೇಳಿದ್ದು ನನಗೆ ನೆನಪಿದೆ. ಓರ್ಲಿನ್ ಒಂದು ಭಾರೀ ಮೀನು ಹಿಡಿದ, ಪಾಪ ಅಂತ ಬಿಟ್ಟುಬಿಟ್ಟ ಅಂತ. ನಾನು ನಂಬ್ಲಿಲ್ಲ. ಗಂಡಸ್ರು ಮೀನಿನ ವಿಷಯ ಹೇಳಿದ್ರೆ ಯಾರು ನಂಬ್ತಾರೆ?"

"ನಾನೂ ನಂಬಿರ್ಲಿಲ್ಲ," ಎಂದಳು ಆರ್ಡಿಸ್.

ಇಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. 

"ಬೆಲೆ ಚೀಟಿ ಅಂದ್ಕೊಂಡೆ," ಎಂದು ವೆಂಡೆಲ್ ಕ್ಷೀಣ ದನಿಯಲ್ಲಿ ಹೇಳಿದ. "ಟ್ವೆಟನ್ ಅಂದ್ರೆ ಇಪ್ಪತ್ತು ಅಂತ."

"ನಾನು ಬರೀ ಇಪ್ಪತ್ತಾ?" ಎಂದು ಮಾವಿಸ್ ಕೆರಳಿದಳು. ಆದರೆ ಅಷ್ಟರಲ್ಲಿ ಕರ್ಟ್ ಪಾತ್ರೆಯ ಮುಚ್ಚಳ ತೆಗೆದಿದ್ದ, ಆರ್ಡಿಸ್ ತಟ್ಟೆ ತಂದಿದ್ದಳು. ಮಾವಿಸ್ ಒಂದು ಚಮಚ ಬಾಯಿಗಿಟ್ಟು ತುಂಬ ಹೊತ್ತು ಜಗಿದು, "ಬೇರೆ ಥರ ಇದೆ" ಎಂದಳು. ನಮ್ಮಲ್ಲಿ ಇದಕ್ಕಿಂತ ಘೋರ ಟೀಕೆಯಿಲ್ಲ. ಹಾಗೆಂದವಳು ತಟ್ಟೆಯನ್ನು ಮೂರು ಸಲ ತುಂಬಿಸಿಕೊಂಡಳು, ಉಪಾಯವಾಗಿ ಅಣಬೆ ಎಷ್ಟು ಹಾಕಿದ್ದೆಂದು ಲವೋನ್‌ಳಿಂದ ಕೇಳಿ ತಿಳಿದುಕೊಂಡಳು.

ಊಟವಾದ ಮೇಲೆ ಲವೋನ್ ಆ ಹಸಿರು ಪಾತ್ರೆಯನ್ನು ತೊಳೆದು, ಮುಚ್ಚಳ ಹಾಕಿ, ಮಾವಿಸ್‌ಳ ಕೈಗಿತ್ತಳು. 'ಟಕ್'. ಆರ್ಡಿಸ್ ಅದನ್ನು ನೋಡುತ್ತಿದ್ದಳು, ಲವೋನ್‌ಳ ಮುಖವನ್ನೂ.

"ನಿಮ್ಮ ಹತ್ರಾನೂ ಇಂಥದ್ದಿತ್ತಾ?"

"ಅಮ್ಮಂದು. ಮುಚ್ಚಳ ಒಡೆದುಹೋಯ್ತು." ಯಾರು ಒಡೆದರೆಂದು ಲವೋನ್ ಹೇಳಲಿಲ್ಲ. ಆ ದಿನ ಅವಳು ವೆಂಡೆಲ್‌ಗಾಗಿ ಮಾಡಿದ ಎರಡನೆಯ ಉಪಕಾರ ಅದು.

ಆರ್ಡಿಸ್ ಗ್ಯಾರೇಜಿನ ಮೂಲೆಗೆ ಹೋಗಿ ಓರ್ಲಿನ್‌ನ ಗಾಳದ ಪೆಟ್ಟಿಗೆ ತೆರೆದು ಏನನ್ನೋ ತಂದಳು. ಧೂಳು ಹಿಡಿದಿತ್ತು, ಒಳಗೆ ಒಣಗಿದ ಮಣ್ಣಿತ್ತು. ಅಂಗಿಯ ತೋಳಿನಿಂದ ಒರೆಸಿದಳು. ತಿಳಿ ಹಸಿರು. ಬಿಳಿ ಡೈಸಿ. "ನನ್ನ ಪಾತ್ರೇನ ಓರ್ಲಿನ್ ಬೀಳಿಸಿ ಒಡೆದ್ರು. ಮುಚ್ಚಳ ಉಳಿದಿತ್ತು. ಎರೆಹುಳ ಇಟ್ಕೊಳ್ಳೋಕೆ ಸರಿಯಾಗಿದೆ ಅಂತ ಅವರೇ ಹಾರಿಸಿದ್ರು. ತಗೊಳ್ಳಿ."

ವೆಂಡೆಲ್‌ನ ಕೈ ತಾನಾಗಿ ಮುಂದೆ ಹೋಯಿತು. ಲವೋನ್ ಅದರ ಮೇಲೆ ಒಂದು ಪೆಟ್ಟು ಕೊಟ್ಟಳು. "ಅಯ್ಯೋ, ಬೇಡಿ. ಅವರ ನೆನಪಿಗೆ ಇರ್ಲಿ."

"ನನಗೇನು ಎರೆಹುಳ ಇಡೋದಿದ್ಯಾ? ತಗೊಳ್ಳಿ."

"ಬೇಡಿ, ಖಂಡಿತ ಬೇಡಿ," ಎಂದಳು ಲವೋನ್. ಎರಡಾಯಿತು. ವೆಂಡೆಲ್ ಉಸಿರು ಬಿಗಿಹಿಡಿದ. ಇನ್ನೊಂದೇ ಸಲ. ಆರ್ಡಿಸ್ ಬಾಯಿ ತೆರೆದಳು.

"ಕಾಫಿ ಉಕ್ತಾ ಇದೆ!" ಎಂದು ಮಾವಿಸ್ ಒಳಗಿನಿಂದ ಕೂಗಿದಳು. ಆರ್ಡಿಸ್ ಮುಚ್ಚಳವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮುಂದಿನ ಒಂದು ಗಂಟೆ ವೆಂಡೆಲ್ ಅನುಭವಿಸಿದ್ದನ್ನು ಶತ್ರುವೂ ಅನುಭವಿಸಬಾರದು. ಕಾಫಿ ಬಂತು, ಲಿಂಬೆಹಣ್ಣಿನ ಸಿಹಿ ಬಾರ್‌ಗಳು ಬಂದವು, ಹವೆಯ ಮಾತು, ರಸ್ತೆ ರಿಪೇರಿಯ ಮಾತು, ಕರ್ಟ್‌ಗೆ ಇನ್ನೂ ಮದುವೆಯಾಗದ ಮಾತು ಬಂತು. ಮುಚ್ಚಳದ ಮಾತು ಬರಲಿಲ್ಲ. ತಾನಾಗಿ ಕೇಳುವಂತಿಲ್ಲ, ಕೇಳಿದರೆ ಲವೋನ್ ಜನ್ಮವಿಡೀ 'ಪರವಾಗಿಲ್ಲ' ಎನ್ನುತ್ತಾಳೆ. ಬಾಗಿಲಲ್ಲಿ ನಿಂತು ಹೊರಡುತ್ತೇವೆಂದರು, ಅಂಗಳದಲ್ಲಿ ನಿಂತು ಹೊರಡುತ್ತೇವೆಂದರು, ಕಾರಿನ ಪಕ್ಕ ನಿಂತು ಹೊರಡುತ್ತೇವೆಂದರು. ನಮ್ಮಲ್ಲಿ ಹೊರಡುವುದೆಂದರೆ ಅಷ್ಟು ಸುಲಭವಲ್ಲ. ಕಾರಿನೊಳಗೆ ಕೂತಾಗ ಮುಚ್ಚಳ ಇನ್ನೂ ಮೇಜಿನ ಮೇಲೇ ಹೊಳೆಯುತ್ತಿತ್ತು.

ಲವೋನ್ ಗಾಡಿ ಶುರು ಮಾಡಿದಳು. ವೆಂಡೆಲ್ ಕಣ್ಣು ಮುಚ್ಚಿಕೊಂಡ.

ಕಿಟಕಿಯ ಮೇಲೆ ಟಕಟಕ. ಆರ್ಡಿಸ್ ಏದುಸಿರು ಬಿಡುತ್ತ ನಿಂತಿದ್ದಳು. "ಒಂದು ಉಪಕಾರ ಮಾಡಿ, ಇದನ್ನ ತಗೊಂಡ್ಹೋಗಿ." ಮೂರು! ವೆಂಡೆಲ್ ಎಷ್ಟು ಬೇಗ ಕೈಚಾಚಿದನೆಂದರೆ ಗಾಜು ಇಳಿಸುವುದನ್ನೇ ಮರೆತು ಬೆರಳು ಜಜ್ಜಿಕೊಂಡ.

ಗಾಜು ಇಳಿಯಿತು. ಆರ್ಡಿಸ್ ಅವನ ಕಿವಿಯ ಹತ್ತಿರ ಬಗ್ಗಿದಳು. "ನೀನು ಹೋದ್ಮೇಲೆ ಕೂತು ಯೋಚನೆ ಮಾಡ್ದೆ ಕಣಪ್ಪ, ಪರಲೋಕದಲ್ಲಿ ಸೊಳ್ಳೆ ಎಲ್ಲಿಂದ ಬರುತ್ತೆ ಅಂತ." ವೆಂಡೆಲ್‌ನ ಕಿವಿ ಟೊಮೇಟೊ ಆಯಿತು. "ಆಮೇಲೆ ಒಳಗೆ ಹೋಗಿ, ಬಾಗಿಲು ಹಾಕ್ಕೊಂಡು, ಹೊಟ್ಟೆ ಹಿಡ್ಕೊಂಡು ನಕ್ಕೆ. ಮಂಗಳವಾರದಿಂದ ಮೊದಲ ಸಲ. ಬಂದೋರೆಲ್ಲ ಒಳ್ಳೆ ಮನುಷ್ಯ, ಒಳ್ಳೆ ಮನುಷ್ಯ ಅಂದ್ರು, ಹ್ಯಾಮ್ ತಿಂದ್ರು, ಹೋದ್ರು. ಅವರ ಮೀನಿನ ವಿಷಯ ಎತ್ತಿದ್ದು ನೀನೊಬ್ನೇ."

"ಅಮ್ಮಾ, ನಾನು..."

"ಓರ್ಲಿನ್ ಹೇಳ್ತಿದ್ದದ್ದು ವಾಲ್‌ಐ ಮೀನು, ಪೈಕ್ ಅಲ್ಲ," ಎಂದಳು ಆರ್ಡಿಸ್. ಸ್ವಲ್ಪ ಯೋಚಿಸಿದಳು. "ಆದ್ರೆ ಪೈಕೇ ಚೆನ್ನಾಗಿದೆ. ಅದೇ ಇರ್ಲಿ." ಕಾರಿನ ಬಾಗಿಲನ್ನು ಒಮ್ಮೆ ತಟ್ಟಿ ಹಿಂದೆ ಸರಿದಳು.

ಊರು ದಾಟಿದ ಮೇಲೆ ವೆಂಡೆಲ್ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಮಗುಚಿದ. ಒಳಗಡೆ ಬಿಳಿ ಟೇಪು, ಹೊಸದು, ಈಗಷ್ಟೇ ಅಂಟಿಸಿದ್ದು. ತೋಳುದ್ದ ಹಿಡಿದು ನೋಡಿದ.

"ಲವೋನ್, ಇದರಲ್ಲಿ ಏನೋ ಬೆಲೆ ಇದೆ."

ಲವೋನ್ ಒಂದು ಕಣ್ಣು ರಸ್ತೆಯ ಮೇಲಿಟ್ಟು ಇನ್ನೊಂದರಿಂದ ಓದಿದಳು. "ಕ್ವಾಮ್."

"ಹೆಸರು ಬರೆದಿದಾಳಲ್ಲ! ಅಂದ್ರೆ ನಮಗೆ ಕೊಟ್ಟಿದ್ದಲ್ವಾ? ವಾಪಸ್ ಕೊಡ್ಬೇಕಾ?"

"ಹೂಂ, ಕೊಡ್ಬೇಕು. ನಾವು ಮತ್ತೆ ಬರ್ಲಿ ಅಂತಾನೇ ಬರೆದಿರೋದು."

"ಖಾಲಿ ಕೊಡೋ ಹಾಗಿಲ್ಲ ಅಂತೀಯಲ್ಲ. ಮುಚ್ಚಳದಲ್ಲಿ ಏನು ತುಂಬಿಸೋದು?"

ಲವೋನ್ ಗೇರು ಬದಲಾಯಿಸಿದಳು. ಮುಚ್ಚಳ ಒಡೆದ ದಿನದಿಂದ ವೆಂಡೆಲ್ ಕಂಡಿರದ ಒಂದು ನಗು ಅವಳ ತುಟಿಯ ಕೊನೆಯಲ್ಲಿ ಮಿಸುಕಾಡಿತು.

"ಮೀನು," ಎಂದಳು. "ಹೋದ ಸಲಕ್ಕಿಂತ ಸ್ವಲ್ಪ ದೊಡ್ಡದೇ ಇರ್ಲಿ."